ಗ್ರಾವಿಟಿ ಲೆಕ್ಕ ತಪ್ಪಿದಾಗ ಯಾವುದನ್ನು ನಂಬೋದು: ಹೈಡ್ರೋಮೀಟರ್, ರಿಫ್ರಾಕ್ಟೋಮೀಟರ್, ತೇಲುವ ಸೆನ್ಸರ್

ಮನೆಯಲ್ಲಿ ಬಿಯರ್ ಮಾಡುವವರು ಗ್ರಾವಿಟಿ ಅಳೆಯುತ್ತಾರೆ, ಅಂದರೆ ದ್ರವ ನೀರಿಗಿಂತ ಎಷ್ಟು ಸಾಂದ್ರ ಅನ್ನುವುದನ್ನು: ನೀರು 1.000, ಸಕ್ಕರೆ ಇದ್ದಷ್ಟೂ ಹೆಚ್ಚು, ಹುದುಗಿದಂತೆ ಇಳಿಯುತ್ತದೆ. ಅದನ್ನು ಅಳೆಯುವ ಈ ಮೂರರಲ್ಲಿ ನನ್ನ ಓಟು ದ್ರವದಲ್ಲಿ ತೇಲಿಬಿಡುವ ಗಾಜಿನ ಕೊಳವೆ ಹೈಡ್ರೋಮೀಟರಿಗೇ. ಅದರಲ್ಲೂ 0.990ರಿಂದ 1.020ರವರೆಗೆ ಮಾತ್ರ ಗೆರೆ ಇರುವ, ಉದ್ದ ಕತ್ತಿನ ‘ಫಿನಿಶಿಂಗ್’ ಹೈಡ್ರೋಮೀಟರಿಗೆ. ರಿಫ್ರಾಕ್ಟೋಮೀಟರ್ ಬ್ರೂ ಮಾಡುವ ದಿನ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ತೇಲುವ ಸೆನ್ಸರ್ ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ, ನಂಬುವುದಿಲ್ಲ. ಹುದುಗಿ ಮುಗಿದ ಬಿಯರಿನ ರೀಡಿಂಗ್ ಎಡವಟ್ಟಾದಾಗ ತಪ್ಪು ಬಿಯರಿನದೋ ಉಪಕರಣದ್ದೋ ಅಂತ ಅಡುಗೆಮನೆಯಲ್ಲೇ ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಲು ಆಗುವುದು ಆ ಗಾಜಿನ ಕೊಳವೆಯಲ್ಲಿ ಮಾತ್ರ.

(ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ 1965ರ ಅಬಕಾರಿ ಕಾಯ್ದೆ ಅಡ್ಡ ಬರುತ್ತದೆ. ಈ ಬರಹ ಅಮೆರಿಕ, ಬ್ರಿಟನ್‌ನಂಥ ಕಡೆ ಇದ್ದುಕೊಂಡು ಮಾಡುವವರಿಗೆ.)

ರಿಫ್ರಾಕ್ಟೋಮೀಟರಿನ ಒಳ್ಳೆಯತನ ಮೊದಲು. ಎರಡು ಹನಿ ಸಾಕು. ಕುದಿಸುವ ಮುಂಚೆ 25 ಲೀಟರ್ ವರ್ಟ್ (ಯೀಸ್ಟ್ ಹಾಕುವ ಮುಂಚಿನ ಸಿಹಿ ಮಾಲ್ಟ್ ರಸ) 1.040 ಇದ್ದರೆ, 20 ಲೀಟರಿಗೆ ಇಳಿದಾಗ 1.050 ಆಗುತ್ತದೆ. ಕಡಿಮೆ ಬಂದಿದ್ದರೆ ಇನ್ನೊಂದಿಷ್ಟು ಹೊತ್ತು ಕುದಿಸಬಹುದು, ಇಲ್ಲವೇ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್ ರಸ ಒಣಗಿಸಿದ ಪುಡಿ) ಸೇರಿಸಬಹುದು. ಈ ತೀರ್ಮಾನ ಒಲೆ ಉರಿಯುತ್ತಿರುವಾಗಲೇ ಆಗಬೇಕು. ಹೈಡ್ರೋಮೀಟರ್ ನೆಚ್ಚಿಕೊಂಡರೆ ನೂರು ಮಿಲಿಗಿಂತ ಹೆಚ್ಚು ವರ್ಟ್ ತೆಗೆದು ತಣಿಸುತ್ತಾ ಕೂರಬೇಕು. ಇಲ್ಲಿ ರಿಫ್ರಾಕ್ಟೋಮೀಟರಿಗೆ ಸಾಟಿಯಿಲ್ಲ. ಕುದಿಯುವ ಹನಿಯನ್ನು ನೇರ ಗಾಜಿನ ಮೇಲೆ ಬಿಡಬೇಡಿ, ಅಷ್ಟೇ: ನೀರು ಆವಿಯಾಗಿ ರೀಡಿಂಗ್ ಏರುತ್ತದೆ. ಪಿಪೆಟ್ಟಿನಲ್ಲೇ ಅರ್ಧ ನಿಮಿಷ ತಣಿಯಲಿ.

ತಲೆನೋವು ಶುರುವಾಗುವುದು ಯೀಸ್ಟ್ ಹಾಕಿದ ಮೇಲೆ. ರಿಫ್ರಾಕ್ಟೋಮೀಟರಿನ ಅಳತೆ ಬ್ರಿಕ್ಸ್, ಅಂದರೆ ನೂರು ಗ್ರಾಂ ದ್ರವದಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನುವ ಲೆಕ್ಕ. 12 ಬ್ರಿಕ್ಸ್‌ನಲ್ಲಿ, ಅಂದರೆ 1.048ರ ಸುಮಾರಿನಲ್ಲಿ ಶುರುವಾದ ಬಿಯರು ಹತ್ತು ದಿನದ ನಂತರ 6 ಬ್ರಿಕ್ಸ್ ತೋರಿಸುತ್ತದೆ. ಪಕ್ಕದ ಸ್ಕೇಲಿನಲ್ಲಿ ನೋಡಿದರೆ 1.024. ಹುದುಗುವಿಕೆ ನಡುದಾರಿಯಲ್ಲೇ ನಿಂತಿದೆ ಅಂತ ಗಾಬರಿಯಾಗಿ ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿಯುತ್ತಾರೆ, ಫರ್ಮೆಂಟರ್ (ಹುದುಗುವ ಪಾತ್ರೆ) ಅಲ್ಲಾಡಿಸುತ್ತಾರೆ. ಅಲ್ಲಾಡಿಸಿದಾಗ ಆಮ್ಲಜನಕ ಸೇರಿ, ಚೆನ್ನಾಗಿದ್ದ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ನಿಜಕ್ಕೂ ಆ ಬಿಯರು 1.012ರ ಆಸುಪಾಸಿನಲ್ಲಿದೆ, ಮುಗಿದೇ ಹೋಗಿದೆ.

ರಿಫ್ರಾಕ್ಟೋಮೀಟರ್ ಅಳೆಯುವುದು ಸಕ್ಕರೆಯನ್ನಲ್ಲ, ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು. ಆಲ್ಕೋಹಾಲ್ ನೀರಿಗಿಂತ ಹೆಚ್ಚು ಬಾಗಿಸುತ್ತದೆ. ಹಾಗಾಗಿ ಯೀಸ್ಟ್ ಸಕ್ಕರೆಯನ್ನು ತಿಂದು ಮುಗಿಸಿದಷ್ಟೂ ಆಲ್ಕೋಹಾಲ್ ಆ ಜಾಗಕ್ಕೆ ಬಂದು ರೀಡಿಂಗನ್ನು ಮೇಲೆ ಹಿಡಿದಿಡುತ್ತದೆ. ಹೈಡ್ರೋಮೀಟರಿನಲ್ಲಿ ತದ್ವಿರುದ್ಧ: ಆಲ್ಕೋಹಾಲ್ ನೀರಿಗಿಂತ ಹಗುರ, ಆದ್ದರಿಂದ ರೀಡಿಂಗ್ ನಿಜಕ್ಕಿಂತ ತುಸು ಕೆಳಗೆ ಇಳಿಯುತ್ತದೆ. ಆದರೆ ಮನೆಯಲ್ಲಿ ಬ್ರೂ ಮಾಡುವವರ ರೆಸಿಪಿ, ಯೀಸ್ಟ್ ಪ್ಯಾಕೆಟ್, ಆಲ್ಕೋಹಾಲ್ ಶೇಕಡಾವಾರಿನ ಲೆಕ್ಕ ಎಲ್ಲ ಹೈಡ್ರೋಮೀಟರಿನ ಆ ತೋರಿಕೆಯ ಸಂಖ್ಯೆಯನ್ನೇ ಹಿಡಿದು ಮಾಡಿದವು. ಅದಕ್ಕೇ ಅದರ ‘ತಪ್ಪು’ ನಮಗೆ ತೊಂದರೆ ಕೊಡುವುದಿಲ್ಲ.

ತಿದ್ದುಪಡಿ ಸೂತ್ರ ಇದೆಯಲ್ಲ ಅನ್ನುತ್ತಾರೆ. ಇದೆ, ಆದರೆ ಅದಕ್ಕೆ ಮೊದಲ ದಿನದ ಬ್ರಿಕ್ಸ್ ಬೇಕು. ಎರಡೂ ರೀಡಿಂಗನ್ನು ವರ್ಟಿನ ತಿದ್ದುಪಡಿ ಅಂಶದಿಂದ, ಸಾಮಾನ್ಯವಾಗಿ 1.04ರಿಂದ, ಭಾಗಿಸಬೇಕು. ಮೊದಲ ರೀಡಿಂಗ್ ತಪ್ಪಿದ್ದರೆ ಆ ತಪ್ಪು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ನಡುವೆ ಬೆಲ್ಲ, ಜೇನು, ಹಣ್ಣು ಹಾಕಿದರೆ ಮೊದಲ ದಿನದ ಸಂಖ್ಯೆಗೇ ಅರ್ಥ ಇರುವುದಿಲ್ಲ. ಒಂದೇ ಜೋಡಿ ಸಂಖ್ಯೆಗೆ ಬೇರೆ ಬೇರೆ ಕ್ಯಾಲ್ಕುಲೇಟರ್ ಬೇರೆ ಬೇರೆ ಉತ್ತರ ಕೊಡುವುದೂ ಉಂಟು. ಬಾಟಲಿಗೆ ತುಂಬಬಹುದಾ ಅನ್ನುವ ಪ್ರಶ್ನೆಗೆ ಎರಡು ಮೂರು ಪಾಯಿಂಟ್ (ಪಾಯಿಂಟ್ ಅಂದರೆ 0.001) ವ್ಯತ್ಯಾಸ ಸಣ್ಣದಲ್ಲ. ಮೂರು ದಿನ ಬ್ರಿಕ್ಸ್ ಕದಲದಿದ್ದರೆ ಹುದುಗುವಿಕೆ ನಿಂತಿದೆ ಅಂತ ಇದು ಹೇಳಬಲ್ಲದು. ಎಲ್ಲಿ ನಿಂತಿದೆ ಅಂತ ಕೇಳಬಾರದು.

ಇನ್ನೊಂದು: ಅಗ್ಗದ ಕೆಲವು ರಿಫ್ರಾಕ್ಟೋಮೀಟರುಗಳಲ್ಲಿ ಗ್ರಾವಿಟಿ ಸ್ಕೇಲನ್ನು ಬ್ರಿಕ್ಸ್‌ಗೆ ಸುಮ್ಮನೆ ನಾಲ್ಕರಿಂದ ಗುಣಿಸಿ ಅಚ್ಚು ಹಾಕಿರುತ್ತಾರೆ. 12ರಲ್ಲಿ ಗೊತ್ತಾಗುವುದಿಲ್ಲ, 20ರಲ್ಲಿ 1.083 ಬದಲು 1.080 ಕಾಣುತ್ತದೆ. ಬ್ರಿಕ್ಸ್ ಕಡೆಯದನ್ನೇ ಓದಿ.

ತೇಲುವ ಸೆನ್ಸರುಗಳು, ಅಂದರೆ ಅಂಗಡಿಯಲ್ಲಿ ಸಿಗುವ ಟಿಲ್ಟ್, ನಾವೇ ಬೆಸುಗೆ ಹಾಕಿ ಮಾಡಿಕೊಳ್ಳುವ ಐಸ್ಪಿಂಡಲ್, ಎಷ್ಟು ವಾಲಿವೆ ಎಂಬುದರಿಂದ ಗ್ರಾವಿಟಿ ಲೆಕ್ಕ ಹಾಕುತ್ತವೆ. ವಾಲುವಿಕೆ ಬದಲಾಯಿಸುವುದೆಲ್ಲ ಇಲ್ಲಿ ಗ್ರಾವಿಟಿಯೇ. ನೊರೆ ಉಕ್ಕುವಾಗ ತಲೆಗೆ ಮೆತ್ತಿಕೊಂಡ ಕಂದು ಅಂಟು, ಡ್ರೈ ಹಾಪ್ ಮಾಡಿದಾಗ (ಪರಿಮಳಕ್ಕೆ ಹಾಪ್ ಹೂವನ್ನು ಫರ್ಮೆಂಟರಿಗೇ ಹಾಕಿದಾಗ) ಒಂದೇ ಬದಿಗೆ ಅಂಟುವ ಎಲೆ ಚೂರು, ಫರ್ಮೆಂಟರಿನ ಗೋಡೆಗೆ ಒರಗುವುದು, ಎಲ್ಲದಕ್ಕೂ ಗ್ರಾಫ್ ಏರುಪೇರಾಗುತ್ತದೆ. ಐಸ್ಪಿಂಡಲ್‌ನೊಳಗೆ 18650 ಬ್ಯಾಟರಿ ಕೂದಲೆಳೆಯಷ್ಟು ಸರಿದರೂ ಕ್ಯಾಲಿಬ್ರೇಶನ್ ಹೋಯಿತು, ಮತ್ತೆ ಸಕ್ಕರೆ ನೀರಿನಿಂದ ಶುರು. ಟಿಲ್ಟ್‌ನ ಬ್ಲೂಟೂತ್ ಸ್ಟೀಲ್ ಫರ್ಮೆಂಟರಿನಿಂದ ಹೊರಗೆ ಬರಲು ತಿಣುಕುತ್ತದೆ. ಯಾವಾಗ ಶುರುವಾಯಿತು, ಯಾವಾಗ ನಿಧಾನವಾಯಿತು, ತಾಪಮಾನ ಯಾವಾಗ ಏರಿಸಲಿ, ಇದಕ್ಕೆಲ್ಲ ಚೆನ್ನಾಗಿದೆ. ಅಷ್ಟಕ್ಕೆ ಟಿಲ್ಟ್‌ಗೆ ನೂರು ಡಾಲರ್ ದಾಟಿ ಕೊಡಬೇಕಾ ಅನ್ನುವುದು ಅವರವರ ಜೇಬಿಗೆ ಬಿಟ್ಟದ್ದು.

ಹೈಡ್ರೋಮೀಟರೂ ಸತ್ಯಹರಿಶ್ಚಂದ್ರನೇನಲ್ಲ. ಒಳಗಿನ ಕಾಗದದ ಸ್ಕೇಲ್ ಸಾಗಣೆಯಲ್ಲಿ ಜಾರಿರಬಹುದು. ಪರೀಕ್ಷೆ ಸುಲಭ: ಅದರ ಮೇಲೆ ಬರೆದ ತಾಪಮಾನದಲ್ಲಿ, ಸಾಮಾನ್ಯವಾಗಿ 15.6 ಇಲ್ಲವೇ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಿಸ್ಟಿಲ್ಡ್ ನೀರಿಗೆ ಬಿಟ್ಟರೆ 1.000 ತೋರಿಸಬೇಕು. ಆಮೇಲೆ, 1.040 ಓದಬಲ್ಲ ಮಾಮೂಲಿ ಹೈಡ್ರೋಮೀಟರ್ ಆದರೆ, 25 ಗ್ರಾಂ ಸಕ್ಕರೆಯನ್ನು 225 ಗ್ರಾಂ ಅದೇ ನೀರಿನಲ್ಲಿ ಕರಗಿಸಿ ನೋಡಿ, 1.040 ಬರಬೇಕು. ಎರಡರಲ್ಲೂ 0.002 ಹೆಚ್ಚಿದ್ದರೆ ಸದಾ ಅಷ್ಟು ಕಳೆದರಾಯಿತು, ಡಬ್ಬಿಯ ಮೇಲೆ ಬರೆದಿಡಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಬಂದರೆ ಎಸೆಯಿರಿ.

20 ಡಿಗ್ರಿಯ ಹೈಡ್ರೋಮೀಟರನ್ನು 30 ಡಿಗ್ರಿಯ ವರ್ಟಿನಲ್ಲಿಟ್ಟರೆ ಸುಮಾರು 0.0025, 40ರಲ್ಲಿ 0.006 ಕೂಡಿಸಬೇಕು. ಅದಕ್ಕಿಂತ ಬಿಸಿ ಇದ್ದರೆ ತಣಿಸುವುದೇ ಲೇಸು. ಹುದುಗುತ್ತಿರುವ ಬಿಯರಿನಲ್ಲಿ ಗ್ಯಾಸ್ ಗುಳ್ಳೆ ಕೊಳವೆಗೆ ಅಂಟಿ ಅದನ್ನು ಎತ್ತಿ ಹಿಡಿಯುತ್ತದೆ, ರೀಡಿಂಗ್ ಹೆಚ್ಚು ಬರುತ್ತದೆ. ಸ್ಯಾಂಪಲನ್ನು ಎರಡು ಲೋಟಗಳ ನಡುವೆ ಕಾಫಿಯಂತೆ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ, ಹೈಡ್ರೋಮೀಟರನ್ನು ತಿರುಗಿಸಿ ಬಿಡಿ.

ಸಾಮಾನ್ಯ ಮೂರು ಸ್ಕೇಲಿನ (ಗ್ರಾವಿಟಿ, ಬ್ರಿಕ್ಸ್, ಆಲ್ಕೋಹಾಲ್ ಅಂದಾಜು) ಹೈಡ್ರೋಮೀಟರಿನಲ್ಲಿ ಗೆರೆಗೊಂದು 0.002. 1.010 ಮತ್ತು 1.012ರ ನಡುವಿನ ವ್ಯತ್ಯಾಸ ದ್ರವದ ಅಂಚಿನ ಬಾಗಿನಲ್ಲೇ ಮುಚ್ಚಿಹೋಗುತ್ತದೆ. ಫಿನಿಶಿಂಗ್ ಹೈಡ್ರೋಮೀಟರಿನಲ್ಲಿ ಅದೇ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ದೂರ. ನಾನು ಫಿನಿಶಿಂಗ್‌ಗೆ ದುಡ್ಡು ಕೊಡುವುದು ಇದಕ್ಕೇ. ಪ್ರೈಮಿಂಗ್ ಸಕ್ಕರೆ (ನೊರೆಗಾಗಿ ತುಂಬುವಾಗ ಹಾಕುವ ಸಕ್ಕರೆ) ಬಿಟ್ಟು ಬಾಟಲಿಯೊಳಗೆ ಇಳಿಯುವ ಪ್ರತಿ ಪಾಯಿಂಟೂ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್, ಅಂದರೆ ಒಂದು ಲೀಟರ್ ಬಿಯರಿನಲ್ಲಿ ಅರ್ಧ ಲೀಟರ್ ಗ್ಯಾಸ್. ನಾಲ್ಕು ಪಾಯಿಂಟ್ ಬಾಕಿ ಇದ್ದಾಗ ತುಂಬಿದರೆ ಎರಡು ವಾಲ್ಯೂಮ್ ಹೆಚ್ಚುವರಿ, ಮಾಮೂಲಿ ಬಾಟಲಿ ಸಿಡಿಯುವ ಮಟ್ಟ.

ಉಪಕರಣ ಸರಿ ಇದ್ದೂ ಸಂಖ್ಯೆ ವಿಚಿತ್ರವಾಗಿದ್ದರೆ ಆಗ ಬಿಯರಿನ ಕಡೆ ನೋಡಿ. ದ್ರವ ಮಾಲ್ಟ್ ಎಕ್ಸ್‌ಟ್ರಾಕ್ಟ್ 3 ಕೆಜಿ, ಒಟ್ಟು 20 ಲೀಟರ್ ಅಂದರೆ 1.045 ಬರಲೇಬೇಕು. 1.030 ಬಂದರೆ ಆಮೇಲೆ ಸುರಿದ ನೀರು ಮೇಲೆಯೇ ನಿಂತಿದೆ, ಸರಿಯಾಗಿ ಕದಡಿಲ್ಲ. ಕೆಳಗಿನ ನಲ್ಲಿಯಿಂದ ಹಿಡಿದಿದ್ದರೆ ಇದೇ ಬಿಯರು 1.060 ತೋರಿಸುತ್ತಿತ್ತು. ಧಾನ್ಯದಿಂದ ಮಾಡುವವರಲ್ಲಿ ಕಡಿಮೆ ಬಂದರೆ ಮೊದಲು ನಿಜವಾಗಿ ಎಷ್ಟು ಲೀಟರ್ ಇದೆ ಅಳೆಯಿರಿ, ಆಮೇಲೆ ಗಿರಣಿಯ ರೋಲರ್ ಅಂತರ ನೋಡಿ. 1 ಮಿಮೀ ಸುತ್ತಮುತ್ತ ಇರಬೇಕು, ಇಡೀ ಕಾಳು ಉಳಿದಿರಬಾರದು. ಕೊನೆಯ ಗ್ರಾವಿಟಿ ಹೆಚ್ಚಿದ್ದರೆ ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತ) 69–70 ಡಿಗ್ರಿಗೆ ಹೋಗಿತ್ತೇ, ಥರ್ಮಾಮೀಟರ್ ಸರಿಯಿದೆಯೇ ಅಂತ ಕೇಳಿಕೊಳ್ಳಿ. 1.002ರಂಥ ಕೆಳಮಟ್ಟಕ್ಕೆ ಹೋದರೆ ಯೀಸ್ಟು ಡಯಾಸ್ಟಾಟಿಕಸ್ ಬಗೆಯದ್ದಿರಬಹುದು; ಸೇಸಾನ್ ಎಂಬ ಬೆಲ್ಜಿಯನ್ ಬಿಯರಿನ ಕೆಲವು ಯೀಸ್ಟುಗಳು ಈ ಬಗೆಯವು. ಮಾಮೂಲಿ ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಎಂಬ ಉದ್ದ ಸಕ್ಕರೆಯನ್ನೂ ಬಿಡದೆ ನಿಧಾನವಾಗಿ ತಿನ್ನುವ ಬಗೆ ಅದು. ಬೇರೆ ಯೀಸ್ಟ್ ಹಾಕಿದ್ದೂ ಹೀಗಾದರೆ ಹೊರಗಿನ ಸೂಕ್ಷ್ಮಜೀವಿ ಸೇರಿಕೊಂಡಿರಬಹುದು, ಕೊಳವೆ, ನಲ್ಲಿ ಬಿಚ್ಚಿ ತೊಳೆಯುವ ಕಾಲ ಬಂದಿದೆ.

1.010 ನಿರೀಕ್ಷಿಸಿ 1.015ಕ್ಕೆ ನಿಂತರೆ 250 ಮಿಲಿ ಬಿಯರನ್ನು ಬೇರೆ ಜಾಡಿಗೆ ತೆಗೆದು, ಅರ್ಧ ಪ್ಯಾಕೆಟ್ ಒಣ ಯೀಸ್ಟ್ ಹಾಕಿ, ಸಡಿಲವಾಗಿ ಮುಚ್ಚಿ, 25 ಡಿಗ್ರಿಯಲ್ಲಿ ಆಗಾಗ ಕುಲುಕುತ್ತಾ ಎರಡು ದಿನ ಇಡಿ. ಅಲ್ಲೂ 1.015 ಉಳಿದರೆ ವರ್ಟಿನಲ್ಲಿ ಹುದುಗುವ ಸಕ್ಕರೆ ಮುಗಿದಿದೆ, ತುಂಬಬಹುದು. 1.010ಕ್ಕೆ ಇಳಿದರೆ ಫರ್ಮೆಂಟರಿನ ಯೀಸ್ಟ್ ಸೋತಿದೆ. ಅದನ್ನು ಎರಡು ಮೂರು ಡಿಗ್ರಿ ಬೆಚ್ಚಗೆ ಮಾಡಿ ಕಾಯಬೇಕು.

ಕೊಳ್ಳುವ ಕ್ರಮ: ಮೊದಲು ಮೂರು ಸ್ಕೇಲಿನ ಅಗ್ಗದ ಹೈಡ್ರೋಮೀಟರ್, ಯಾಕೆಂದರೆ ಫಿನಿಶಿಂಗ್‌ನಲ್ಲಿ 1.048 ಓದಲು ಆಗುವುದಿಲ್ಲ. ಜೊತೆಗೇ ಫಿನಿಶಿಂಗ್, ಮತ್ತು ಅದರ ಉದ್ದಕ್ಕೆ ಹೊಂದುವ ಪ್ಲಾಸ್ಟಿಕ್ ಜಾಡಿ. ಗಾಜಿನ ಜಾಡಿ ಬೇಡ, ಒಂದು ಉರುಳಿದರೆ ಎರಡೂ ಒಡೆಯುತ್ತವೆ. ಧಾನ್ಯದಿಂದ ಮಾಡಲು ಶುರುಮಾಡಿದ ಮೇಲೆ ರಿಫ್ರಾಕ್ಟೋಮೀಟರ್. ಸ್ಯಾಂಪಲ್ ವಾಪಸ್ ಫರ್ಮೆಂಟರಿಗೆ ಸುರಿಯಬೇಡಿ, ಕುಡಿಯಿರಿ.