ಪೋಸ್ಟ್‌ಗ್ರೆಸ್‌ಗೆ ಎಷ್ಟು ಮೆಮೊರಿ ಕೊಡೋದು? 128 ಎಂಬಿ, 16 ಜಿಬಿ, 26 ಜಿಬಿ

ಚಿಕ್ಕಪೇಟೆಯ ಹೋಲ್‌ಸೇಲ್ ಬಟ್ಟೆ ಅಂಗಡಿಗಳ ಬಿಲ್ಲಿಂಗ್ ಪೂರ್ತಿ ನಮ್ಮ ಒಂದು ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್ ಮೇಲೆ ನಡೆಯುತ್ತದೆ. 64 ಜಿಬಿ ರ‍್ಯಾಮ್, ಬೇರೆ ಕೆಲಸ ಏನೂ ಇಲ್ಲ. ದೀಪಾವಳಿ ಸೀಸನ್‌ಗೆ ಮುಂಚೆ ಅಂಥದ್ದೇ ಟೆಸ್ಟ್ ಮೆಷಿನ್ ಮೇಲೆ ಹಳೆಯ ಲೋಡ್ ಓಡಿಸಿ, ಶೇರ್ಡ್ ಬಫರ್ಸ್ ಅನ್ನು, ಅಂದರೆ ಪೋಸ್ಟ್‌ಗ್ರೆಸ್ ಡೇಟಾ ಇಟ್ಟುಕೊಳ್ಳೋಕೆ ತನಗೇ ಮೀಸಲಿಡುವ ಮೆಮೊರಿಯನ್ನು, ಮೂರು ಅಳತೆಯಲ್ಲಿ ಇಟ್ಟು ನೋಡಿದೆವು.

128 ಎಂಬಿ ಅಂದರೆ ಡೀಫಾಲ್ಟ್. ಓದುವ ಕ್ವೆರಿಗಳು ಅಂದುಕೊಂಡಷ್ಟು ಕೆಡಲಿಲ್ಲ. ಲಿನಕ್ಸ್ ತಾನೇ ಫೈಲ್‌ಗಳನ್ನು ಪೇಜ್ ಕ್ಯಾಶ್‌ನಲ್ಲಿ (ರ‍್ಯಾಮ್‌ನಲ್ಲಿರುವ ಓಎಸ್‌ನ ಸ್ವಂತ ಕ್ಯಾಶ್) ಇಟ್ಟುಕೊಂಡಿರುತ್ತದಲ್ವಾ? ತೊಂದರೆ ಆಗಿದ್ದು ಬರೆಯುವಾಗ. ಜಾಗ ಸಾಲದೆ, ಬಿಲ್ ಸೇವ್ ಮಾಡಬೇಕಾದ ಪ್ರೊಸೆಸ್ಸೇ ಹಳೆಯ ಪೇಜ್‌ಗಳನ್ನು ಹೊರಗೆ ಬರೆಯುತ್ತಾ ಕೂರುತ್ತಿತ್ತು.

16 ಜಿಬಿ, ಅಂದರೆ ಕಾಲು ಭಾಗ. ಶುರು ಮಾಡೋಕೆ ಇಷ್ಟು ಸಾಕು ಅಂತ ಪೋಸ್ಟ್‌ಗ್ರೆಸ್ ಕೈಪಿಡಿಯೇ ಹೇಳುತ್ತದೆ. ಬಿಲ್ ಸೇವ್ ಆಗುವಾಗಿನ ತಡವರಿಕೆ ನಿಂತಿತು.

ಆಗ ಮೈಎಸ್‌ಕ್ಯೂಎಲ್ (ಇನ್ನೊಂದು ಡೇಟಾಬೇಸ್) ಕಡೆಯಿಂದ ಬಂದ ಹುಡುಗ ಕೇಳಿದ: "ಸಾರ್, ನಾವು ಅಲ್ಲಿ ಮುಕ್ಕಾಲು ಭಾಗ ಕೊಡ್ತಿದ್ವಿ. ಇಲ್ಲಿ ಯಾಕೆ ಇಷ್ಟು ಜಿಪುಣತನ?" ಪ್ರಶ್ನೆ ಸರಿಯಾದದ್ದೇ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿಯನ್ನು ಸಾಮಾನ್ಯವಾಗಿ ಓಎಸ್ ಕ್ಯಾಶ್ ಬಿಟ್ಟು ನೇರ ಡಿಸ್ಕ್ ಜೊತೆ ವ್ಯವಹರಿಸುವ ಹಾಗೆ ಇಡುತ್ತಾರೆ. ಪೋಸ್ಟ್‌ಗ್ರೆಸ್ ಓಎಸ್ ಕ್ಯಾಶ್ ಮೂಲಕವೇ ಓದುತ್ತದೆ. ಬಫರ್ ಜಾಸ್ತಿ ಮಾಡಿದಷ್ಟೂ ಒಂದೇ ಮಾಲು ಎರಡು ಗೋಡೌನ್‌ನಲ್ಲಿ ಬಿದ್ದಿರುತ್ತದೆ.

ಆದರೂ 26 ಜಿಬಿ ಕೊಟ್ಟು ನೋಡಿದೆವು, ಸುಮಾರು ಶೇ. 40. ಬಿಲ್ಲಿಂಗ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ತಿಂಗಳ ಕೊನೆಯ ದೊಡ್ಡ ರಿಪೋರ್ಟ್ ಆದರೂ ಓಡುತ್ತೆ ಅಂದುಕೊಂಡರೆ ಅದೂ ಇಲ್ಲ. ಶೇರ್ಡ್ ಬಫರ್ಸ್‌ನ ಕಾಲು ಭಾಗಕ್ಕಿಂತ ದೊಡ್ಡ ಟೇಬಲ್ ಅನ್ನು ಪೂರ್ತಿ ಓದುವಾಗ ಪೋಸ್ಟ್‌ಗ್ರೆಸ್ ಬರೀ ಒಂದು ಸಣ್ಣ ಜಾಗವನ್ನೇ (17ನೇ ಆವೃತ್ತಿವರೆಗೆ 256 ಕೆಬಿ) ತಿರುಗಿಸಿ ತಿರುಗಿಸಿ ಬಳಸುತ್ತದೆ. ಬದಲಿಗೆ, ಸಣ್ಣ ಟೇಬಲ್‌ಗಳನ್ನು ಸಾಲಾಗಿ ಟ್ರಂಕೇಟ್ ಮಾಡುವ (ಪೂರ್ತಿ ಖಾಲಿ ಮಾಡುವ) ರಾತ್ರಿ ಜಾಬ್ ನಿಧಾನವಾಯಿತು. ಪ್ರತಿ ಸಲ ಇಡೀ ಬಫರ್ ಜಾಲಾಡಬೇಕಲ್ಲ.

ನಿಜವಾದ ಲಾಭ ಸಿಕ್ಕಿದ್ದು ಅಳತೆಯಲ್ಲಲ್ಲ, ಹ್ಯೂಜ್ ಪೇಜಸ್‌ನಲ್ಲಿ, ಅಂದರೆ ಮೆಮೊರಿಯನ್ನು ದೊಡ್ಡ ದೊಡ್ಡ ತುಂಡುಗಳಲ್ಲಿ ಹಂಚುವುದರಲ್ಲಿ. ಲೆಕ್ಕ ಹಾಕಿ ನೋಡಿ. 4 ಕೆಬಿ ಪೇಜ್‌ಗಳಾದರೆ 16 ಜಿಬಿಗೆ ಪೇಜ್ ಟೇಬಲ್‌ನಲ್ಲಿ (ಯಾವ ಪೇಜ್ ಎಲ್ಲಿದೆ ಎಂಬ ಪಟ್ಟಿ) ಸುಮಾರು 42 ಲಕ್ಷ ಎಂಟ್ರಿ, ಒಂದೊಂದಕ್ಕೆ 8 ಬೈಟ್. ಪೂರ್ತಿ ಬಫರ್ ಮುಟ್ಟಿದ ಒಂದು ಕನೆಕ್ಷನ್‌ಗೆ 32 ಎಂಬಿ ಪೇಜ್ ಟೇಬಲ್. ಅಂಥವು 150 ಇದ್ದರೆ 4.8 ಜಿಬಿ ಸುಮ್ನೆ ಹೋಯಿತು! 2 ಎಂಬಿ ಪೇಜ್ ಹಾಕಿದ ಮೇಲೆ ಲಿನಕ್ಸ್‌ನ ಮೆಮೊರಿ ಲೆಕ್ಕ ತೋರಿಸುವ ಮೆಮ್‌ಇನ್ಫೋದಲ್ಲಿ ಪೇಜ್‌ಟೇಬಲ್ಸ್ ಸಾಲು ದಬಕ್ಕನೆ ಇಳಿಯಿತು. ಎಷ್ಟು ಪೇಜ್ ಬೇಕು ಅಂತ 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸೇ ಹೇಳುತ್ತದೆ. 16 ಜಿಬಿಗೆ 8192ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಹ್ಯೂಜ್ ಪೇಜಸ್ ಸೆಟ್ಟಿಂಗ್ 'ಟ್ರೈ' ಅಂತ ಇದ್ದರೆ ಪೇಜ್ ಸಿಗದಿದ್ದಾಗ ಸದ್ದಿಲ್ಲದೆ ಹಳೆಯ ದಾರಿಗೆ ಹೋಗಿಬಿಡುತ್ತದೆ. ಅದಕ್ಕೇ ನಾವು 'ಆನ್' ಇಟ್ಟಿದ್ದೇವೆ. ಪೇಜ್ ಸಿಗದಿದ್ದರೆ ಸರ್ವರ್ ಏಳುವುದೇ ಇಲ್ಲ, ಆಗಲೇ ಗೊತ್ತಾಗುತ್ತದೆ.

ಈಗ ಓಡುತ್ತಿರುವುದು 16 ಜಿಬಿ ಮತ್ತು ಹ್ಯೂಜ್ ಪೇಜಸ್. ಹಳೆಯ ಗೈಡ್‌ಗಳಲ್ಲಿ ಬರುವ ಶಮ್‌ಮ್ಯಾಕ್ಸ್ (ಶೇರ್ಡ್ ಮೆಮೊರಿಗೆ ಲಿನಕ್ಸ್ ಹಾಕುವ ಮಿತಿ) ಮುಟ್ಟಿಲ್ಲ. 2013ರ 9.3 ಆವೃತ್ತಿಯಿಂದ ಅದರ ಕಾಟ ಹೆಚ್ಚುಕಡಿಮೆ ತಪ್ಪಿದೆ.