ಬೀದಿದೀಪಕ್ಕೆ ಜನಹಿತ ಸಾಕು, ಕೆರೆಗೆ ಸಾಲದು

ಬೆಂಗಳೂರು ಬಿಟ್ಟು ರಾಜ್ಯದ ಉಳಿದ ಊರುಗಳ ಜನ ನಗರಸಭೆ, ಪುರಸಭೆಗಳಿಗೆ ದೂರು ಕೊಡಲೆಂದು ಪೌರಾಡಳಿತ ನಿರ್ದೇಶನಾಲಯ 'ಜನಹಿತ' ಆ್ಯಪ್ ಕೊಟ್ಟಿದೆ. ಕೆರೆ ದಂಡೆಯ ಊರಿನವರಿಗೆ ಅದು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ, ಎಲ್ಲಿ ಅದನ್ನು ಬಿಟ್ಟು ಕಾಗದ ಹಿಡಿಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಶಿವಮೊಗ್ಗ ಜಿಲ್ಲೆಯ ಸಾಗರದಂಥ ಊರನ್ನು ಕಣ್ಣ ಮುಂದೆ ಇಟ್ಟುಕೊಂಡರೆ ವಿಷಯ ಬೇಗ ತಿಳಿಯುತ್ತದೆ. ಕೆಳದಿಗೂ ಇಕ್ಕೇರಿಗೂ ನಡುವಿನ ಈ ಊರಿಗೆ ಹೆಸರು ಬಂದದ್ದೇ ಸದಾಶಿವ ಸಾಗರದಿಂದ, ಅಂದರೆ ಇವತ್ತಿನ ಗಣಪತಿ ಕೆರೆಯಿಂದ. ಆದರೆ ಊರಿನ ನಲ್ಲಿಗೆ ಬರುವುದು ಶರಾವತಿ ಹಿನ್ನೀರು. ನಲ್ಲಿ ನೀರು ಕೆಟ್ಟರೆ ಅವತ್ತೇ ಗದ್ದಲ ಏಳುತ್ತದೆ. ಯಾರೂ ಕುಡಿಯದ ಕೆರೆ ಕೆಟ್ಟರೆ, ಮೀನು ಸತ್ತು ತೇಲುವವರೆಗೂ ಯಾರೂ ದೂರು ಕೊಡುವುದಿಲ್ಲ. ಕೆರೆ ಊರುಗಳ ದೊಡ್ಡ ಸಂಕಟ ಇದು.

ಮೊದಲು ಆ್ಯಪ್ ಚೆನ್ನಾಗಿ ನಡೆಯುವ ಕಡೆ. ಉರಿಯದ ಬೀದಿದೀಪ, ಎತ್ತದ ಕಸ, ಒಡೆದ ನೀರಿನ ಪೈಪು, ಕಟ್ಟಿಕೊಂಡ ಚರಂಡಿ: ಇವು ಒಬ್ಬ ಸಿಬ್ಬಂದಿ ಒಮ್ಮೆ ಬಂದು ಮುಗಿಸುವ ಕೆಲಸಗಳು. ಇಂಥವಕ್ಕೆ ಜನಹಿತಕ್ಕಿಂತ ಸುಲಭದ ದಾರಿ ಇಲ್ಲ. ದೂರಿಗೆ ಎರಡು ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಹತ್ತಿರದ್ದು, ಇನ್ನೊಂದು ಅಂಗಡಿ ಬೋರ್ಡೋ ಕಂಬದ ನಂಬರೋ ಕಾಣುವಷ್ಟು ದೂರದ್ದು. ವಿವರದಲ್ಲಿ ವಾರ್ಡ್ ಸಂಖ್ಯೆ, ಅಡ್ಡರಸ್ತೆ, ಕಂಬದ ನಂಬರ್ ಬರೆಯಿರಿ. 'ದೇವಸ್ಥಾನದ ಹತ್ತಿರ' ಎಂದಷ್ಟೇ ಬರೆದರೆ ಜಾಗ ಸಿಗಲಿಲ್ಲ ಎಂಬ ಕಾರಣಕ್ಕೇ ದೂರು ಮುಕ್ತಾಯವಾಗಬಹುದು.

ಒಂದು ದೂರಿನಲ್ಲಿ ಒಂದೇ ಸಮಸ್ಯೆ ಇರಲಿ. ದೀಪ, ಕಸ, ಚರಂಡಿ ಮೂರನ್ನೂ ಸೇರಿಸಿ ಬರೆದರೆ ಅದು ಯಾವುದೋ ಒಂದು ವಿಭಾಗಕ್ಕೆ ಹೋಗುತ್ತದೆ. ಆ ವಿಭಾಗ ತನ್ನ ಪಾಲಿನ ಕೆಲಸ ಮುಗಿಸಿದರೆ ಮೂರೂ ಮುಗಿದ ಲೆಕ್ಕ. ದೀಪದಲ್ಲಿ ಇನ್ನೊಂದು ತೊಡಕಿದೆ: ಬಲ್ಬು, ಅದರ ಸ್ವಿಚ್ಚು ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಕಂಬ ವಾಲಿದ್ದರೆ, ತಂತಿ ಜೋತುಬಿದ್ದಿದ್ದರೆ ಅದು ಮೆಸ್ಕಾಂ ಕೆಲಸ, 1912ಕ್ಕೆ ಫೋನ್ ಮಾಡಬೇಕು.

ಕೆಲಸ ಆಗದೆಯೇ ದೂರು ಮುಗಿದಿದೆ ಎಂದು ತೋರಿಸಿದರೆ ಅದೇ ಜಾಗದ ಹೊಸ ಫೋಟೊ ಹಾಕಿ, ಹಳೆಯ ದೂರಿನ ಸಂಖ್ಯೆ ಬರೆದು ಮತ್ತೆ ದಾಖಲಿಸಿ. ಮೂರನೇ ಸಲವೂ ಹಾಗೇ ಆದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 'ಜನಸ್ಪಂದನ'ದ 1902ಕ್ಕೆ ಹೋಗಿ. ಹಳೆಯ ಸಂಖ್ಯೆಗಳಿಲ್ಲದೆ ಅಲ್ಲಿಗೆ ಹೋದರೆ ಅದೂ ಹೊಸ ದೂರಾಗಿ ಮತ್ತೆ ಕೆಳಕ್ಕೇ ಬರುತ್ತದೆ.

ಇನ್ನು ಕೆರೆ. ಇಲ್ಲಿ ಆ್ಯಪ್ ಸೋಲುತ್ತದೆ, ಏಕೆಂದರೆ ಕೆರೆ ಒಂದೇ ಕಚೇರಿಯ ವಸ್ತುವಲ್ಲ. ನೆಲ ಕಂದಾಯ ಇಲಾಖೆಯ ದಾಖಲೆಯಲ್ಲಿ ಸರ್ಕಾರಿ ಕೆರೆ. ಒತ್ತುವರಿ ತೆರವು ತಹಶೀಲ್ದಾರರ ಕೈಯಲ್ಲಿ, ಗಡಿ ಅಳತೆ ಭೂಮಾಪನ ಇಲಾಖೆಯವರ ಕೈಯಲ್ಲಿ. ಚರಂಡಿ ಮತ್ತು ಕಸ ನಗರಸಭೆಯದು. ಒಳಚರಂಡಿ ಯೋಜನೆ ಕಟ್ಟುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಕಟ್ಟಿದ ಮೇಲೆ ನಗರಸಭೆಗೆ ಹಸ್ತಾಂತರ. ನೀರಿನ ಗುಣಮಟ್ಟ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. 'ಕೆರೆ ಉಳಿಸಿ' ಎಂದು ಒಂದೇ ಸಾಲು ಬರೆದರೆ ಪ್ರತಿಯೊಬ್ಬರೂ ಪಕ್ಕದ ಕಚೇರಿ ತೋರಿಸುತ್ತಾರೆ, ಹಾಗೆ ತೋರಿಸುವುದು ಸುಳ್ಳೂ ಅಲ್ಲ.

ಹಾಗಾಗಿ ದೂರನ್ನು ಒಡೆದು ಬರೆಯಬೇಕು. ಕೊಳಚೆ ಸೇರುತ್ತಿದೆ ಎಂದು ತೋರಿಸುವುದಕ್ಕೆ ಫೆಬ್ರವರಿ, ಮಾರ್ಚ್ ತಿಂಗಳೇ ಸರಿಯಾದ ಕಾಲ. ಮಳೆ ಬಿದ್ದು ವಾರ ಕಳೆದ ಮೇಲೆ, ಬೆಳಿಗ್ಗೆ 7ರಿಂದ 9ರ ನಡುವೆ, ಮನೆಗಳಲ್ಲಿ ಸ್ನಾನ ಮತ್ತು ಪಾತ್ರೆ ತೊಳೆಯುವ ಹೊತ್ತಿನಲ್ಲಿ, ಮಳೆನೀರು ಚರಂಡಿ ಕೆರೆಗೆ ಸೇರುವ ಬಾಯಿಯ ಹತ್ತಿರ ನಿಂತು ನೋಡಿ. ಆಗ ಹರಿಯುವುದು ಮಳೆ ನೀರಾಗಿರಲು ಸಾಧ್ಯವೇ ಇಲ್ಲ. ಅರ್ಧ ನಿಮಿಷದ ವಿಡಿಯೊ ಸಾಕು. ಜುಲೈನಲ್ಲಿ ತೆಗೆದ ಫೋಟೊಗೆ 'ಮಳೆ ನೀರು' ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಮಲೆನಾಡಿನಲ್ಲಂತೂ ಆ ಉತ್ತರವನ್ನು ಅಲ್ಲಗಳೆಯುವುದು ಕಷ್ಟ.

ಮೀನು ಸತ್ತರೆ ಬೆಳಗಿನ ಜಾವವೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ರಾತ್ರಿಯಿಡೀ ಪಾಚಿ, ಗಿಡ, ಸೂಕ್ಷ್ಮಜೀವಿಗಳು ಆಮ್ಲಜನಕ ಎಳೆದುಕೊಳ್ಳುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಮಧ್ಯಾಹ್ನ ಬಿಸಿಲಿಗೆ ಪಾಚಿಯೇ ಮತ್ತೆ ಆಮ್ಲಜನಕ ಬಿಡುತ್ತದೆ. 3 ಗಂಟೆಗೆ ಮಾದರಿ ತೆಗೆದರೆ ನೀರು ಚೆನ್ನಾಗಿದೆ ಎಂದೇ ಬರುತ್ತದೆ. ಮೀನು ಬದುಕಲು ತಕ್ಕ 'ಡಿ' ದರ್ಜೆಯ ನೀರಿಗೂ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ವರದಿ ಕೈಗೆ ಬಂದಾಗ ಅಂಕಿಯ ಜೊತೆ ಮಾದರಿ ತೆಗೆದ ಗಂಟೆಯನ್ನೂ ನೋಡಿ.

ಒತ್ತುವರಿಗೆ 'ದಿಶಾಂಕ್' ಆ್ಯಪ್ ಒಳ್ಳೆಯ ಆರಂಭ. ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ತೋರಿಸುತ್ತದೆ. ಆದರೆ ಅದನ್ನೇ ಸಾಕ್ಷಿ ಎಂದುಕೊಳ್ಳಬೇಡಿ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೋಗುತ್ತದೆ, ಒತ್ತುವರಿ ಜಗಳವೂ ಬಹಳ ಸಲ ಅಷ್ಟೇ ಜಾಗದ್ದು. ಸರ್ವೆ ನಂಬರ್ ಮತ್ತು ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ, ಗಡಿ ಅಳತೆ ಮಾಡಿಸಿ ಎಂದು ತಹಶೀಲ್ದಾರರಿಗೆ ಬರೆಯಿರಿ. ಅಳತೆಗೆ ಮೊದಲೇ 'ತೆರವು ಮಾಡಿ' ಎಂದು ಕೇಳಿದರೆ ಅರ್ಜಿ ಕಡತದಲ್ಲೇ ಉಳಿಯುತ್ತದೆ.

ನಗರಸಭೆಗೆ ಕೊಡುವ ಅರ್ಜಿ ಪೌರಾಯುಕ್ತರ ಹೆಸರಿಗಿರಲಿ, ಒಂದು ಪ್ರತಿ ವಾರ್ಡ್ ಸದಸ್ಯರಿಗೆ ಹೋಗಲಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಸಭೆಯಲ್ಲಿ ವಿಷಯ ಚರ್ಚೆಗೆ ಬರಬೇಕಾದರೆ ಅದು ಕಾರ್ಯಸೂಚಿಗೆ ಸೇರಬೇಕು. ಸಭೆಯ ಹಿಂದಿನ ದಿನ ಸದಸ್ಯರ ಮನೆಗೆ ಹೋಗಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಕಾರ್ಯಸೂಚಿ ಹಂಚಿ ಆಗಿರುತ್ತದೆ. ಗಣಪತಿ ವಿಸರ್ಜನೆಗೆ ಪ್ರತ್ಯೇಕ ತೊಟ್ಟಿ ಬೇಕು ಎನ್ನುವವರು ಹಬ್ಬಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಕೊಡಬೇಕು.

ಅರ್ಜಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸುಲಭ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಒಳಗೆ ಇರಬೇಕು. ಬಹಳ ಅರ್ಜಿಗಳು ಬೀಳುವುದು ಇಲ್ಲೇ. 'ಯಾಕೆ ಕೆಲಸ ಮಾಡಿಲ್ಲ' ಎಂದು ಕೇಳಬೇಡಿ, ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. 'ಇಂಥ ಆವಕ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ' ಎಂದು ಕೇಳಿ. ಹೂಳು ತೆಗೆದ ಕಾಮಗಾರಿಯಾದರೆ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪುಟಗಳನ್ನು ಕೇಳಿ. ಎಷ್ಟು ಘನ ಮೀಟರ್ ಹೂಳು ತೆಗೆದದ್ದಕ್ಕೆ ಹಣ ಪಾವತಿಯಾಗಿದೆ ಎಂಬುದು ಅಲ್ಲಿರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಆಸ್ತಿ ತೆರಿಗೆಯ ಬಗ್ಗೆಯೂ ಒಂದು ಮಾತು. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಜುಲೈನಿಂದ ತಿಂಗಳಿಗೆ 2% ದಂಡ. ಆ ಚಲನ್‌ನಲ್ಲಿ ತೆರಿಗೆಯ ಮೇಲೆ 15% ಆರೋಗ್ಯ ಉಪಕರ ಸೇರಿರುತ್ತದೆ. ಕೆರೆಗೆ ಕೊಳಚೆ ಬಿಡಬೇಡಿ ಎಂದು ಅರ್ಜಿ ಬರೆಯುವಾಗ ಆ ರಸೀದಿಯ ಪ್ರತಿಯನ್ನೂ ಅದಕ್ಕೆ ಪಿನ್ ಮಾಡಿ.