ನಾಲ್ಕು ವರ್ಷ, 49 ಸಾವಿರ ಕಿಲೋಮೀಟರ್, ಒಂದು ತೆಂಗಿನಕಾಯಿ: ನನ್ನ ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್ ಮತ್ತು ಅದರ ಇನ್ಶೂರೆನ್ಸ್

ಕಾರು ತೆಗೆದುಕೊಂಡದ್ದು 2021ರ ಸೆಪ್ಟೆಂಬರಿನಲ್ಲಿ. ನನಗಾಗ 22 ವರ್ಷ, ಕಾರಿಗೆ ಎರಡು. 2019ರ ಆಗಸ್ಟಿನ ವ್ಯಾಗನ್‌ಆರ್, 998 ಸಿಸಿ ಪೆಟ್ರೋಲ್, ಕೆಎಲ್ 14, ಅಂದರೆ ಕಾಸರಗೋಡಿನ ನಂಬರ್. ಆಗ 28 ಸಾವಿರ ಕಿಲೋಮೀಟರ್ ಓಡಿತ್ತು. ಕೊಟ್ಟದ್ದು 4 ಲಕ್ಷದ 20 ಸಾವಿರ. ಈಗ ಮೀಟರಿನಲ್ಲಿ 77 ಸಾವಿರ ಕಾಣಿಸುತ್ತಿದೆ. ಮನೆ ನೀರ್ಚಾಲಿನ ಹತ್ತಿರ, ಕೆಲಸ ಕಾಸರಗೋಡು ಪೇಟೆಯಲ್ಲಿ. ಹೆಚ್ಚಿನ ದಿನ ಹೋಗಿ ಬರುವುದು ಇದರಲ್ಲೇ.

ಈ ಕಾರು ಹೇಗೆ ಓಡುತ್ತದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಹೊರಟದ್ದು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಬರುವ ಆ ಬಿಲ್ಲಿನ ಬಗ್ಗೆ. ಮೊದಲ ಸಲ ಕಾರು ತೆಗೆದುಕೊಳ್ಳುವ ಹುಡುಗರು ಇಎಮ್‌ಐ ಲೆಕ್ಕ ಹಾಕುತ್ತಾರೆ, ಪೆಟ್ರೋಲ್ ಲೆಕ್ಕ ಹಾಕುತ್ತಾರೆ. ಇನ್ಶೂರೆನ್ಸ್ ಎಷ್ಟು ಅಂತ ಕೇಳಿದರೆ "ಅದೊಂದು ಏಳೆಂಟು ಸಾವಿರ ಆಗ್ತದೆ" ಅನ್ನುತ್ತಾರೆ. ನಾನೂ ಹಾಗೇ ಅಂದಿದ್ದೆ.

ನೋಡಿದ್ದು ಎರಡು ಕಾರು. ಒಂದು ಇದು. ಇನ್ನೊಂದು ಮಂಗಳೂರಿನಲ್ಲಿದ್ದ ಕೆಎ 19 ಸ್ವಿಫ್ಟ್, 1197 ಸಿಸಿ. ಮನಸ್ಸು ಪೂರ್ತಿ ಸ್ವಿಫ್ಟಿನ ಮೇಲಿತ್ತು. ಕೆಂಪು ಬಣ್ಣ, ಅಲಾಯ್ ವೀಲು, ಇಪ್ಪತ್ತೆರಡು ವರ್ಷಕ್ಕೆ ಇನ್ನೇನು ಬೇಕು? ತಡೆದದ್ದು ಅಪ್ಪ. "ಕೆಎ ಗಾಡಿ ತಂದರೆ ಆರ್‌ಟಿಒಗೆ ನಡೆದೇ ನಿನ್ನ ಚಪ್ಪಲಿ ಸವೆಯುತ್ತದೆ" ಅಂದರು. ಮಂಗಳೂರಿನಿಂದ ಎನ್‌ಒಸಿ ತರಬೇಕು, ಇಲ್ಲಿ ಕೇರಳದ ತೆರಿಗೆ ಕಟ್ಟಿ ನಂಬರ್ ಬದಲಿಸಬೇಕು, ಕರ್ನಾಟಕದಲ್ಲಿ ಮೊದಲೇ ಕಟ್ಟಿದ ತೆರಿಗೆ ವಾಪಸ್ ಬೇಕಾದರೆ ಅಲ್ಲಿಗೆ ಬೇರೆ ಅರ್ಜಿ. ತಲಪಾಡಿ ದಾಟಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮಂಗಳೂರು. ಕಾಗದದ ಲೆಕ್ಕದಲ್ಲಿ ಮಾತ್ರ ಅದು ಬೇರೆ ದೇಶವೇ.

ಆಗ ಊರಿನ ಇನ್ಶೂರೆನ್ಸ್ ಏಜೆಂಟರನ್ನು ಕೇಳಿದೆ. ರಿಟೈರ್ ಆದ ಮಾಷ್ಟ್ರು. ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು.

"ಮಾಷ್ಟ್ರೇ, ನನಗೆ ವಯಸ್ಸು ಕಡಿಮೆ ಅಲ್ವಾ, ಇನ್ಶೂರೆನ್ಸ್ ಜಾಸ್ತಿ ಹಾಕ್ತಾರಾ?"

"ನಿನ್ನ ವಯಸ್ಸು ಯಾರಿಗೆ ಬೇಕು ಮಾರಾಯ? ಎಂಜಿನ್ ಎಷ್ಟು ಸಿಸಿ ಅಂತ ಹೇಳು."

ಅವರು ಹೇಳಿದ್ದು ಸರಿ. ನಮ್ಮ ದೇಶದಲ್ಲಿ ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಗೆ, ದರ ನಿಗದಿ ಮಾಡುವುದು ಸರ್ಕಾರ. ಓಡಿಸುವವನಿಗೆ 19 ಆದರೂ 59 ಆದರೂ ಒಂದೇ. ನೋಡುವುದು ಎಂಜಿನ್ ಮಾತ್ರ. 2022ರ ಜೂನ್ 1ರಿಂದ ಬಂದ ದರ ಹೀಗಿದೆ: 1000 ಸಿಸಿ ತನಕ 2,094 ರೂಪಾಯಿ, 1000ದಿಂದ 1500 ಸಿಸಿ ತನಕ 3,416, ಅದರ ಮೇಲೆ 7,897. ಇದಕ್ಕೆ ಶೇಕಡಾ 18 ಜಿಎಸ್‌ಟಿ. ಕಳೆದ ಆಗಸ್ಟಿನಲ್ಲಿ ನಾನು ಕಟ್ಟಿದ್ದೂ ಅದೇ 2,094. ಹೊಸ ಕಾರಾದರೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಕಟ್ಟಬೇಕು. 2018ರ ಸೆಪ್ಟೆಂಬರಿನಿಂದ ಬಂದ ನಿಯಮ ಅದು. ನನ್ನ ಕಾರು 2019ರದ್ದು, ಹಾಗಾಗಿ ಹಳೇ ಮಾಲೀಕರು ಕಟ್ಟಿದ್ದ ಥರ್ಡ್ ಪಾರ್ಟಿ 2022ರ ತನಕ ನನಗೆ ಸುಮ್ನೆ ಸಿಕ್ಕಿತು.

ನಮ್ಮ ಕಾರಿನ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಭಾಗಕ್ಕೆ ಕಾರಿನ ಈಗಿನ ಬೆಲೆ, ಅಂದರೆ ಐಡಿವಿ, ಎಂಜಿನ್ ಸಿಸಿ, ಕಾರಿನ ವಯಸ್ಸು ಮತ್ತು ನೋಂದಣಿಯ ಊರು ಲೆಕ್ಕಕ್ಕೆ ಬರುತ್ತವೆ. ಬೆಂಗಳೂರು, ಚೆನ್ನೈಯಂಥ ದೊಡ್ಡ ನಗರಗಳು ಎ ವಲಯ. ಕಾಸರಗೋಡು, ಮಂಗಳೂರು ಎರಡೂ ಬಿ ವಲಯ, ದರ ಸ್ವಲ್ಪ ಕಡಿಮೆ.

ಇಂಗ್ಲೆಂಡಿನಲ್ಲಿ ಓದುತ್ತಿರುವ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಅಲ್ಲಿ ವಯಸ್ಸು ನೋಡುತ್ತಾರೆ, ಲೈಸೆನ್ಸ್ ಸಿಕ್ಕಿ ಎಷ್ಟು ದಿನವಾಯಿತು ನೋಡುತ್ತಾರೆ, ಮನೆ ಯಾವ ಪಿನ್‌ಕೋಡಿನಲ್ಲಿದೆ ಅದನ್ನೂ ನೋಡುತ್ತಾರೆ. ಕಾರುಗಳನ್ನೇ ಒಂದರಿಂದ ಐವತ್ತರ ತನಕ ಗುಂಪು ಮಾಡಿಟ್ಟಿದ್ದಾರೆ. ಎಳೆಯರು ಕಡಿಮೆ ಗುಂಪಿನ ಸಣ್ಣ ಕಾರನ್ನೇ ಹುಡುಕುತ್ತಾರೆ. ಹೇಗೆ ಬ್ರೇಕ್ ಹಾಕುತ್ತಾನೆ, ರಾತ್ರಿ ಎಷ್ಟು ಗಂಟೆಗೆ ಓಡಿಸುತ್ತಾನೆ ಅಂತ ಲೆಕ್ಕ ಇಡುವ ಪೆಟ್ಟಿಗೆಯನ್ನೂ ಕಾರಿಗೆ ಹಾಕಿಸಿಕೊಂಡಿದ್ದಾನೆ ಪಾಪ. ಹಳೇ ಕಾರಿಗೆ ಕೊಟ್ಟ ದುಡ್ಡಿಗಿಂತ ವರ್ಷದ ಇನ್ಶೂರೆನ್ಸೇ ಜಾಸ್ತಿ ಆಯ್ತು ಅಂತ ಅವನ ಗೋಳು.

ಸಿಸಿ ವಿಷಯದಲ್ಲಿ ಒಂದು ಮಾತು. 2,094ಕ್ಕೂ 3,416ಕ್ಕೂ ವ್ಯತ್ಯಾಸ 1,322. ಜಿಎಸ್‌ಟಿ ಸೇರಿ 1,560. ವರ್ಷಕ್ಕೆ ಅಷ್ಟು ಉಳಿಯುತ್ತದೆ ಅಂತ ಕಾರು ಆರಿಸಿದವನು ನಾನು. ಈಗ ಕೇಳಿದರೆ ಅದೊಂದೇ ಕಾರಣಕ್ಕೆ ಆರಿಸಬೇಡಿ ಅನ್ನುತ್ತೇನೆ. ನಾಲ್ಕು ಜನ ಕೂತು, ಹಿಂದೆ ಎರಡು ಚೀಲ ಅಡಿಕೆ ಹಾಕಿ ಏರು ಹತ್ತುವಾಗ ಯಾವ ಸಣ್ಣ ಎಂಜಿನ್ ಆದರೂ ಏದುಸಿರು ಬಿಡುತ್ತದೆ. ಸೆಕೆಂಡ್ ಗೇರಿಗೆ ಇಳಿಯಬೇಕು, ಸೆಕೆಯಲ್ಲೂ ಏಸಿ ಬಂದ್ ಮಾಡಬೇಕು. ನನಗೆ ಅಭ್ಯಾಸ ಆಗಿದೆ. ಇದೇ ವ್ಯಾಗನ್‌ಆರ್ 1197 ಸಿಸಿಯಲ್ಲೂ ಸಿಗುತ್ತದೆ. ಹೊರಗಿನಿಂದ ನೋಡಲು ಒಂದೇ ಥರ, ಇನ್ಶೂರೆನ್ಸಿನಲ್ಲಿ ಮಾತ್ರ ಮೇಲಿನ ಸಾಲಿಗೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಎಡವುವುದು ಇಲ್ಲಿ: ಕಾರು ಕೈಗೆ ಬಂದ 14 ದಿನದೊಳಗೆ ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿಯೇ ಹೊಸ ಮಾಲೀಕನಿಗೆ ಬರುತ್ತದೆ. ಓನ್ ಡ್ಯಾಮೇಜ್ ಬರುವುದಿಲ್ಲ. ಆರ್‌ಸಿ ನಮ್ಮ ಹೆಸರಲ್ಲಿ, ಪಾಲಿಸಿ ಇನ್ನೊಬ್ಬರ ಹೆಸರಲ್ಲಿ ಇದ್ದರೆ ಕ್ಲೇಮ್ ಬಂದಾಗ ಬರಿಗೈ. ಬದಲಿಸುವಾಗ ನನ್ನಿಂದ ಮತ್ತೆ ಸ್ವಲ್ಪ ದುಡ್ಡು ಕೇಳಿದರು. ಯಾಕೆ ಅಂದರೆ ಹಳೇ ಮಾಲೀಕರಿಗೆ ಕ್ಲೇಮ್ ಮಾಡದ್ದಕ್ಕೆ ಶೇಕಡಾ 25 ಬೋನಸ್ ಇತ್ತು. ಆ ಎನ್‌ಸಿಬಿ ಕಾರಿನದ್ದಲ್ಲ, ಮನುಷ್ಯನದ್ದು. ಅವರ ಜೊತೆ ಹೊರಟು ಹೋಯಿತು. ನಾನು ಸೊನ್ನೆಯಿಂದ ಶುರು.

ಇನ್ನೊಂದು ಸಣ್ಣದು. 2022ರ ಬಿಲ್ಲಿನಲ್ಲಿ ಮಾಲೀಕನ 15 ಲಕ್ಷದ ಅಪಘಾತ ವಿಮೆ ಅಂತ ಒಂದು ಸಾಲು ಸೇರಿಸಿದ್ದರು. ನನ್ನ ಬೈಕಿನ ಪಾಲಿಸಿಯಲ್ಲಿ ಅದು ಮೊದಲೇ ಇತ್ತು. ಒಬ್ಬನಿಗೆ ಒಂದು ಸಾಕು. ತೋರಿಸಿದ ಮೇಲೆ ತೆಗೆದರು. ಕೇಳದಿದ್ದರೆ ಹಾಗೇ ಹೋಗುತ್ತಿತ್ತು.

ಆ ವರ್ಷ ಐಡಿವಿ 3.4 ಲಕ್ಷಕ್ಕೆ ಒಟ್ಟು ಬಿಲ್ 7,100ರ ಆಸುಪಾಸು. ಇನ್ನೊಂದು ಕಡೆ 900 ರೂಪಾಯಿ ಕಡಿಮೆ ಹೇಳಿದ್ದರು. ಬಿಡಿಸಿ ನೋಡಿದರೆ ಐಡಿವಿಯನ್ನು 2.6 ಲಕ್ಷಕ್ಕೆ ಇಳಿಸಿದ್ದರು. ಕಾರು ಕಳವಾದರೆ ಕೈಗೆ ಬರುವುದು ಅಷ್ಟೇ ಅಂತ ಎಲ್ಲೂ ಬಾಯಿ ಬಿಟ್ಟು ಹೇಳಿರಲಿಲ್ಲ.

2022ರ ಡಿಸೆಂಬರಿನಲ್ಲಿ ಮೊದಲ ಪೆಟ್ಟು. ನಮ್ಮ ಮನೆಯ ಗೇಟಿನ ಕಂಬ ಮುರಕಲ್ಲಿನದ್ದು, ಸಾರಣೆ ಮಾಡಿಲ್ಲ. ರಿವರ್ಸ್ ತೆಗೆಯುವಾಗ ಎಡಗಡೆಯ ಎರಡೂ ಬಾಗಿಲನ್ನು ಅದು ಕಾಯಿ ಹೆರೆದ ಹಾಗೆ ಹೆರೆಯಿತು. ಬಿಳಿ ಪೇಂಟಿನ ಮೇಲೆ ಕೆಂಪು ಪುಡಿ. ಕಂಬಕ್ಕೆ ಏನೂ ಆಗಿರಲಿಲ್ಲ. ಸೀದಾ ಮಾಷ್ಟ್ರಿಗೆ ಫೋನ್ ಮಾಡಿದೆ. "ಇದಕ್ಕೆಲ್ಲ ಕ್ಲೇಮ್ ಮಾಡ್ತಾರಾ? ಪೆನ್ನು ಹಿಡಿ" ಅಂದರು.

ವರ್ಕ್‌ಶಾಪ್ ಅಂದಾಜು 5,200. ಅದರಲ್ಲಿ ಪೇಂಟಿಗೆ, ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ ಕಳೆಯುತ್ತಾರೆ. ಮೇಲೆ 1,000 ರೂಪಾಯಿ ಕಡ್ಡಾಯವಾಗಿ ನಮ್ಮದು. ಕಂಪೆನಿ ಕೊಡುವುದು ಸುಮಾರು 2,800, ನನ್ನ ಕೈಯಿಂದ 2,400. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ಶೇಕಡಾ 20 ಬೋನಸ್ ಹೋಯಿತು. ಆಮೇಲೆ ಬರುವ 25, 35, 45, 50 ಎಲ್ಲವೂ ಒಂದೊಂದು ವರ್ಷ ಹಿಂದೆ ಬೀಳುತ್ತವೆ. ಅದರ ನಷ್ಟ ಇನ್ನೊಂದು 1,900. ಅಂದರೆ ಕ್ಲೇಮ್ ಮಾಡಿದರೂ ನನಗೆ ತಗಲುವುದು 4,300. ಬದಿಯಡ್ಕದ ಪೇಂಟರ್ 3,000ಕ್ಕೆ ಮುಗಿಸಿಕೊಟ್ಟರು. ಬೆಳಿಗ್ಗೆ ಬಿಸಿಲಿನಲ್ಲಿ ಓರೆಯಾಗಿ ನಿಂತು ನೋಡಿದರೆ ಬಣ್ಣ ಸ್ವಲ್ಪ ಬೇರೆ ಅಂತ ಗೊತ್ತಾಗುತ್ತದೆ. ಹಾಗೆ ನಿಂತು ನೋಡುವವನು ನಾನೊಬ್ಬನೇ.

2023ರಲ್ಲಿ ಎರಡು ಆಡ್ ಆನ್ ಸೇರಿಸಿದೆ. ಒಂದು ಝೀರೋ ಡೆಪ್, ಅಂದರೆ ಆ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು. ನಮ್ಮಲ್ಲಿ ಬಂಪರ್ ಟು ಬಂಪರ್ ಅನ್ನುತ್ತಾರಲ್ಲ, ಅದು. ಇನ್ನೊಂದು ಎಂಜಿನ್ ಪ್ರೊಟೆಕ್ಷನ್. ಮಳೆಗಾಲದಲ್ಲಿ ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತು. ನಿಂತ ನೀರಿನಲ್ಲಿ ಎಂಜಿನ್ ಆಫ್ ಆದರೆ ಗಾಳಿ ಹೋಗುವ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋಗಿರುತ್ತದೆ. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಆಗ ಮತ್ತೆ ಕೀ ತಿರುಗಿಸಿದರೆ ಒಳಗಿನ ರಾಡು ಬಾಗುತ್ತದೆ. ಇದು ನೀವೇ ಮಾಡಿಕೊಂಡದ್ದು ಅಂತ ಸಾದಾ ಪಾಲಿಸಿ ಕೈ ತೊಳೆದುಕೊಳ್ಳುತ್ತದೆ. ಆಡ್ ಆನ್ ಇದ್ದರೂ ಕೀ ಮುಟ್ಟಬೇಡಿ, ಟೋ ಮಾಡಿಸಿ. ಎರಡೂ ಸೇರಿ ಆ ವರ್ಷದ ಬಿಲ್ 7,800 ಚಿಲ್ಲರೆ.

ಇನ್ನು ತೆಂಗಿನಕಾಯಿ. 2024ರ ಜುಲೈ, ರಾತ್ರಿ ಹನ್ನೊಂದೂವರೆ, ಗಾಳಿ ಮಳೆ. ಅಂಗಳದಿಂದ ಧಡ್ ಅಂತ ಶಬ್ದ. ಅಮ್ಮ ಟಾರ್ಚ್ ಹಿಡಿದು ಮೊದಲು ಹೋದರು. "ಕಾಯಿ ಬಿದ್ದದ್ದು, ಮಲಗು" ಅಂದರು. ಒಂದು ಕ್ಷಣ ಬಿಟ್ಟು, "ಅಯ್ಯೋ, ಕಾರಿನ ಮೇಲೆ!" ಬಾನೆಟ್ಟಿನಲ್ಲಿ ಬೋಗುಣಿ ಕೂರಿಸುವಷ್ಟು ಗುಳಿ. ಅಲ್ಲಿಂದ ಪುಟಿದು ಮುಂದಿನ ಗಾಜಿಗೆ ಬಡಿದಿತ್ತು. ಗಾಜು ಉದುರಿರಲಿಲ್ಲ, ಜೇಡರ ಬಲೆಯ ಹಾಗೆ ಬಿರುಕು ಬಿಟ್ಟು ನಿಂತಿತ್ತು. ಹದಿನೈದು ವರ್ಷದಿಂದ ಆ ಮರದ ಕೆಳಗೇ ಗಾಡಿ ನಿಲ್ಲಿಸುತ್ತಿದ್ದೇವೆ. ಶೆಡ್ಡಿನಲ್ಲಿ ಅಡಿಕೆ ಇರುತ್ತದಲ್ಲ.

ಬೆಳಿಗ್ಗೆ ಎದ್ದವನೇ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡೆ. ಹಾನಿಯ ಅಂದಾಜು ಮಾಡುವ ಸರ್ವೇಯರ್ ವಿಡಿಯೋ ಕಾಲಿನಲ್ಲಿ ನೋಡಿದರು. ಬಹಳ ಮರ್ಯಾದೆಯ ಮನುಷ್ಯ. ಕೊನೆಗೆ ಕೇಳಿದರು: "ಬಿದ್ದ ಕಾಯಿಯ ಫೋಟೋ ಒಂದು ಕಳಿಸ್ತೀರಾ?" ಹಿಂದೆ ತಿರುಗಿ ನೋಡಿದೆ. ಅಮ್ಮ ಅಷ್ಟರಲ್ಲಿ ಅದನ್ನು ಸುಲಿದು, ಒಡೆದು, ಚಟ್ನಿಗೆ ಹೆರೆದಾಗಿತ್ತು. ಸಿಪ್ಪೆಯ ಫೋಟೋ ಕಳಿಸಿದೆ. ಅದನ್ನೇ ಫೈಲಿಗೆ ಹಾಕಿಕೊಂಡರು.

ಒಪ್ಪಿಗೆ ಮೂರು ದಿನದಲ್ಲಿ ಅಂದದ್ದು ಒಂಬತ್ತು ದಿನವಾಯಿತು. ಕಾರಣ ಕಾಯಿ ಅಲ್ಲ, ನನ್ನ ಹೆಸರು. ಆರ್‌ಸಿಯಲ್ಲಿ ಇನಿಷಿಯಲ್ ಹಿಂದೆ ಉಂಟು, ಪಾಲಿಸಿಯಲ್ಲಿ ಅದನ್ನೇ ಬಿಡಿಸಿ ಮುಂದೆ ಬರೆದಿದ್ದಾರೆ. ಇಬ್ಬರೂ ಒಬ್ಬನೇ ಅಂತ ಬರೆದುಕೊಡಬೇಕಾಯಿತು. ಕಂಪೆನಿಯ ಹೆಸರು ಹೇಳುವುದಿಲ್ಲ, ತಪ್ಪು ಮೊದಲ ದಿನವೇ ಪಾಲಿಸಿ ಓದದ ನನ್ನದೂ ಹೌದು. ಇಲ್ಲಿನ ಕನ್ನಡದವರ ಹೆಸರು ಶಾಲೆಯ ರಿಜಿಸ್ಟರಿನಿಂದ ರೇಷನ್ ಕಾರ್ಡಿಗೆ ಹೋಗುವಷ್ಟರಲ್ಲಿ ಮೂರು ರೂಪ ತಾಳಿರುತ್ತದೆ. ಪಾಲಿಸಿ ಬಂದ ದಿನ ಬೇರೇನು ಓದದಿದ್ದರೂ ಹೆಸರಿನ ಅಕ್ಷರ ಒಂದು ನೋಡಿ.

ಬಿಲ್ 24,300. ನಾನು ಕೊಟ್ಟದ್ದು ಆ 1,000, ಮತ್ತೆ ನಟ್ಟು ಬೋಲ್ಟು ಗಮ್ಮು ಅಂತ 740. ಕಾರು ಕೈಗೆ ಬಂದದ್ದು ಹತ್ತೊಂಬತ್ತನೇ ದಿನ. ಅಷ್ಟು ದಿನ ಬಸ್ಸಿನಲ್ಲಿ ನೇತಾಡಿದೆ.

ಮರುತಿಂಗಳೇ ರಿನೀವಲ್. ಬೋನಸ್ ಮತ್ತೆ ಸೊನ್ನೆ. ಕಾರಿಗೆ ಐದು ವರ್ಷ ತುಂಬಿತು ಅಂತ ಅದೇ ಕಂಪೆನಿ ಝೀರೋ ಡೆಪ್ ಕೊಡಲಿಲ್ಲ. ಬೇರೆ ಕಂಪೆನಿ ಕೊಟ್ಟಿತು, ಆದರೆ ದುಬಾರಿ. ಒಟ್ಟು 9,250. ನಾಲ್ಕು ವರ್ಷದಲ್ಲಿ ಅದೇ ದೊಡ್ಡ ಬಿಲ್. 2025ರ ಆಗಸ್ಟಿನಲ್ಲಿ ಶೇಕಡಾ 20 ಬೋನಸ್ ವಾಪಸ್ ಬಂದು 7,850ಕ್ಕೆ ಇಳಿಯಿತು. ಒಂದು ವೇಳೆ ಮರೆತು ಪಾಲಿಸಿ ಮುಗಿದು 90 ದಿನ ದಾಟಿದರೆ ಈ ಬೋನಸ್ ಪೂರ್ತಿ ಹೋಗುತ್ತದೆ. ಇನ್ಶೂರೆನ್ಸ್ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲ 2,000 ರೂಪಾಯಿ ದಂಡ, ಎರಡನೇ ಸಲ 4,000. ಜೈಲು ಕೂಡ ಆಗಬಹುದು.

ಕಾರಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಅದರ ಒಳ್ಳೆಯತನ. ಲೀಟರಿಗೆ 18ರಿಂದ 19 ಕೊಡುತ್ತದೆ. ಟೈರು ಒಂದು ಸಲ, ಬ್ಯಾಟರಿ ಒಂದು ಸಲ ಬದಲಿಸಿದೆ. ಡಿಕ್ಕಿ ದೊಡ್ಡದು. ಬಾಗಿಲು ಎತ್ತರ ಇರುವುದರಿಂದ ಮೊಣಕಾಲು ನೋವಿನ ಅಜ್ಜಿ ಬಗ್ಗದೆ ಹತ್ತುತ್ತಾರೆ. ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ.

ತಮ್ಮನಿಗೆ ಈ ವರ್ಷ 18 ತುಂಬಿತು, ಲೈಸೆನ್ಸ್ ಬಂತು. ಅದಕ್ಕಿಂತ ಮೊದಲು ಕೀ ಕೊಟ್ಟಿರಲಿಲ್ಲ. 18 ಆಗದವರು ಓಡಿಸಿ ಸಿಕ್ಕಿಬಿದ್ದರೆ ಗಾಡಿಯ ಮಾಲೀಕನಿಗೆ 25,000 ದಂಡ, ಮೂರು ವರ್ಷದ ತನಕ ಜೈಲು. ಓಡಿಸಿದವನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ. ಅವನೀಗ ವಾರಕ್ಕೆರಡು ದಿನ ಓಡಿಸುತ್ತಾನೆ, ಪ್ರೀಮಿಯಂ ಒಂದು ರೂಪಾಯಿಯೂ ಏರಲಿಲ್ಲ. ಸೈಲೆನ್ಸರ್ ಬದಲಿಸೋಣ ಅಂತ ಹಿಂದೆ ಬಿದ್ದಿದ್ದ. ಕೇರಳದ ಎಂವಿಡಿಯವರು, ಅಂದರೆ ಮೋಟಾರು ವಾಹನ ಇಲಾಖೆಯವರು, ಅದಕ್ಕೇ ಕಾದು ನಿಂತಿರುತ್ತಾರೆ, ಕಂಪೆನಿಗೆ ಹೇಳದೆ ಮಾಡಿದರೆ ಕ್ಲೇಮಿನಲ್ಲೂ ತಕರಾರು ಅಂದೆ. ಬಿಟ್ಟ.

ಮೊನ್ನೆ ಹೊಸ ಪ್ರಸ್ತಾಪ ತಂದಿದ್ದಾನೆ. ಇದನ್ನು ಕೊಟ್ಟು ಫ್ರಾಂಕ್ಸ್ ಟರ್ಬೋ ತೆಗೆದುಕೊಳ್ಳೋಣವಂತೆ. "ಅಣ್ಣಾ, ಅದೂ 998 ಸಿಸಿಯೇ. ನಿನ್ನ 2,094 ರೂಪಾಯಿಯ ಸಾಲಿನಲ್ಲೇ ಬರ್ತದೆ." ಲೆಕ್ಕ ಸರಿ ಉಂಟು. 100 ಪಿಎಸ್ ಕೊಡುವ ಟರ್ಬೋ ಆದರೂ ಸರ್ಕಾರದ ದರಪಟ್ಟಿಗೆ ಅದು ಸಣ್ಣ ಎಂಜಿನ್ನೇ. ಓನ್ ಡ್ಯಾಮೇಜ್ ಎಷ್ಟು ಬರುತ್ತದೆ ಅಂತ ಮಾಷ್ಟ್ರ ಹತ್ತಿರ ಕೇಳಿಕೊಂಡು ಬಾ ಅಂದಿದ್ದೇನೆ. ಅಪ್ಪ ಅದಕ್ಕೂ ಮೊದಲು ತೆಂಗಿನ ಮರದಿಂದ ಕಾಯಿ ಇಳಿಸಲು ಜನ ಹುಡುಕುತ್ತಿದ್ದಾರೆ.